ಟಿಸಿ ಪ್ಲೇಟಿನ ಲೆಕ್ಕ ಕೇಳುವವರು ಯಾರು?

ದಸರಾ, ದೀಪಾವಳಿ, ಯುಗಾದಿ ಬಂತೆಂದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರಿನ ರಸ್ತೆಗಳಲ್ಲಿ ಹೊಸ ಗಾಡಿಗಳ ಓಡಾಟ ಜೋರಾಗುತ್ತದೆ. ಕೆಲವು ಗಾಡಿಗಳಿಗೆ ಆಗಲೇ ಖಾಯಂ ನಂಬರು ಬಿದ್ದಿರುತ್ತದೆ. ಕೆಲವಕ್ಕೆ ಕೆಂಪು ಫಲಕದ ಮೇಲೆ ಬಿಳಿ ಅಕ್ಷರದಲ್ಲಿ ‘ಕೆಎ 24’ ಎಂದು ಬರೆದು, ಅದರ ಮುಂದೆ ‘ಟಿಸಿ’ ಎಂಬ ಎರಡಕ್ಷರ ಮತ್ತು ಒಂದು ಅಂಕಿ ಇರುತ್ತದೆ. ಇನ್ನು ಕೆಲವಕ್ಕೆ ಹಾರ, ರಿಬ್ಬನ್ನು ಬಿಟ್ಟರೆ ಏನೂ ಇರುವುದಿಲ್ಲ. ಕೊನೆಯ ಎರಡನ್ನೂ ನಮ್ಮ ಜನ ‘ಇನ್ನೂ ಪಾಸಿಂಗ್ ಆಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತಾರೆ. ಕಾನೂನು ಹಾಗೆ ಸೇರಿಸುವುದಿಲ್ಲ. ಏನೂ ಇಲ್ಲದ ಗಾಡಿ ರಸ್ತೆಗೆ ಇಳಿದದ್ದೇ ಅಪರಾಧ. ಟಿಸಿ ಫಲಕದ ಗಾಡಿ ಅಪರಾಧ ಮಾಡುತ್ತಿದೆಯೋ ಇಲ್ಲವೋ ಎಂಬುದು ಆ ಹೊತ್ತಿನಲ್ಲಿ ಅದು ಯಾವ ಕೆಲಸಕ್ಕೆ, ಯಾರ ಕೈಯಲ್ಲಿ, ಎಲ್ಲಿಗೆ ಹೊರಟಿದೆ ಎಂಬುದರ ಮೇಲೆ ನಿಂತಿದೆ. ಫಲಕ ನೋಡಿ ಇದನ್ನು ಹೇಳಲಾಗದು. ಷೋರೂಮಿನ ಮೇಜಿನ ಮೇಲೆ ಇರಬೇಕಾದ ಒಂದು ದಾಖಲೆ ಪುಸ್ತಕ ನೋಡಿದರೆ ಮಾತ್ರ ಹೇಳಬಹುದು. 2022ರಲ್ಲಿ, ಟಿಸಿ ಫಲಕಕ್ಕೆ ಆಧಾರವಾದ ಪ್ರಮಾಣಪತ್ರ ಪಡೆಯುವ ದಾರಿಯನ್ನು ಕೇಂದ್ರ ಸರ್ಕಾರ ಬಹಳ ಸಲೀಸು ಮಾಡಿತು. ಮಾಡಿದ್ದು ಸರಿಯೇ. ಆದರೆ ಬಾಗಿಲು ಅಗಲ ಮಾಡಿದ ಮೇಲೆ ಒಳಗಿನ ಲೆಕ್ಕ ಬಿಗಿಯಾಗಬೇಕಿತ್ತು. ಆ ಕೆಲಸ ಇನ್ನೂ ಆಗಿಲ್ಲ.

ಮೊದಲು ಬುಡದಿಂದ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ, ನೋಂದಣಿಯಾಗದ ಯಾವ ವಾಹನವನ್ನೂ ಸಾರ್ವಜನಿಕ ಸ್ಥಳದಲ್ಲಿ ಓಡಿಸಬಾರದು ಎನ್ನುತ್ತದೆ. ಮಾಲೀಕ ತಾನೇ ಓಡಿಸಿದರೂ ತಪ್ಪು, ಬೇರೆಯವರಿಗೆ ಓಡಿಸಲು ಬಿಟ್ಟರೂ ತಪ್ಪು. ಆದರೆ ಕಾರ್ಖಾನೆಯಿಂದ ಹೊರಬಿದ್ದ ವಾಹನಕ್ಕೆ ಕೊಳ್ಳುವವರು ಸಿಗುವ ತನಕ ಯಾರ ಹೆಸರಿನಲ್ಲಿ ನೋಂದಣಿ ಮಾಡುವುದು? ವ್ಯಾಪಾರಿಯ ಹೆಸರಿನಲ್ಲಿ ಮಾಡಿದರೆ ಗಿರಾಕಿಗೆ ಸಿಗುವುದು ಸೆಕೆಂಡ್ ಹ್ಯಾಂಡ್ ಗಾಡಿ. ಮಾಡದೇ ಬಿಟ್ಟರೆ ಗೋದಾಮಿನಿಂದ ಷೋರೂಮಿಗೆ, ಷೋರೂಮಿನಿಂದ ತೂಕದ ಕಾಟಾಕ್ಕೆ ಒಯ್ಯಲೂ ಬರುವುದಿಲ್ಲ. ಈ ತೊಡಕು ಬಿಡಿಸಲೆಂದೇ ಅದೇ ಕಲಮಿನ ಕೊನೆಗೆ ಒಂದು ವಿನಾಯಿತಿ ಇದೆ: ವ್ಯಾಪಾರಿಯ ವಶದಲ್ಲಿರುವ ವಾಹನಕ್ಕೆ, ಕೇಂದ್ರ ಸರ್ಕಾರ ಹಾಕುವ ಷರತ್ತುಗಳಿಗೆ ಒಳಪಟ್ಟು, ನೋಂದಣಿಯ ಕಡ್ಡಾಯ ಅನ್ವಯಿಸುವುದಿಲ್ಲ. ಆ ಷರತ್ತುಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 33ರಿಂದ 46ರವರೆಗಿನ ನಿಯಮಗಳಲ್ಲಿವೆ. ಮೊದಲ ಷರತ್ತೇ ಟ್ರೇಡ್ ಸರ್ಟಿಫಿಕೇಟ್ (ಟಿಸಿ), ಅಂದರೆ ವ್ಯಾಪಾರ ಪ್ರಮಾಣಪತ್ರ. ಎಲ್ಲರಿಗೂ ಅನ್ವಯಿಸುವ ಕಾನೂನನ್ನು ಒಬ್ಬ ವ್ಯಾಪಾರಿಯ ಮಟ್ಟಿಗೆ, ಕೆಲವೇ ಕೆಲಸಗಳ ಮಟ್ಟಿಗೆ ತಡೆಹಿಡಿದ ಅನುಮತಿ ಇದು. ಅಂಗಡಿಗೆ ಪುರಸಭೆ ಕೊಡುವ ಪರವಾನಗಿಯಂತೆ ಇದನ್ನು ಬಗೆದಾಗಲೇ ತಪ್ಪು ಶುರುವಾಗುತ್ತದೆ.

ಈ ಪ್ರಮಾಣಪತ್ರ ಯಾರಿಗೆ ಸಿಗುತ್ತದೆ? ನೋಂದಣಿಯಾಗಲೀ ತಾತ್ಕಾಲಿಕ ನೋಂದಣಿಯಾಗಲೀ ಆಗದ ವಾಹನವನ್ನು ವ್ಯವಹಾರದ ಕಾರಣಕ್ಕೆ ಇಟ್ಟುಕೊಳ್ಳುವವರಿಗೆ: ವಾಹನ ತಯಾರಕರು, ಆಮದುದಾರರು, ಅಧಿಕೃತ ವ್ಯಾಪಾರಿಗಳು, ವಾಹನ ಪರೀಕ್ಷಿಸುವ ಮಾನ್ಯತೆ ಪಡೆದ ಸಂಸ್ಥೆಗಳು, ಕೇಂದ್ರ ಸರ್ಕಾರ ಹೆಸರಿಸುವ ಇತರರು. ನಮ್ಮ ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ ಟ್ರ್ಯಾಕ್ಟರ್, ಬೈಕು, ಸ್ಕೂಟರ್, ಗೂಡ್ಸ್ ಆಟೊ, ಕಾರು ಮಾರುವ ಡೀಲರುಗಳೇ ಇದರ ಮುಖ್ಯ ಬಳಕೆದಾರರು. ಗಂಟೆಗೆ 25 ಕಿಲೊಮೀಟರಿಗಿಂತ ಕಡಿಮೆ ವೇಗದ, 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಬ್ಯಾಟರಿ ಸ್ಕೂಟರುಗಳು ಕಾನೂನಿನ ಪ್ರಕಾರ ಮೋಟಾರು ವಾಹನವೇ ಅಲ್ಲ. ಅಂಥವನ್ನಷ್ಟೇ ಮಾರುವ ಅಂಗಡಿಗೆ ಇದು ಬೇಡ. ಗ್ಯಾರೇಜಿನವರಿಗೂ ಬಹುತೇಕ ಬೇಡ, ಏಕೆಂದರೆ ರಿಪೇರಿಗೆ ಬರುವ ಗಾಡಿಗೆ ಅದರದೇ ನಂಬರು ಇರುತ್ತದೆ. ಬೇಕಾದವರು ನಮೂನೆ 16ರಲ್ಲಿ ಕೇಂದ್ರ ಸರ್ಕಾರದ ವಾಹನ್ ಪೋರ್ಟಲಿನ ಮೂಲಕ ಅರ್ಜಿ ಹಾಕಬೇಕು. ಅದರ ಬೆನ್ನೆಲುಬು ನಮೂನೆ 16ಎ: ‘ಇವರು ನಮ್ಮ ಅಧಿಕೃತ ವ್ಯಾಪಾರಿ’ ಎಂದು ವಾಹನ ಕಂಪನಿ ಕೊಡುವ ಪತ್ರ. ಮೊದಲು ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಬರೆದುಕೊಡುತ್ತಿದ್ದುದನ್ನು ಈಗ ಒಂದೇ ನಮೂನೆಗೆ ತಂದಿದ್ದಾರೆ. ಇದರ ಜೊತೆಗೆ ಜಾಗದ ಕಾಗದ ಅಥವಾ ಬಾಡಿಗೆ ಕರಾರು, ಜಿಎಸ್‌ಟಿ ನೋಂದಣಿ, ವಿಮೆ ಮುಂತಾದವನ್ನು ಕೇಳುವುದು ವಾಡಿಕೆ. ಯಾವ ವರ್ಗದ ವಾಹನಕ್ಕೆ ಎಷ್ಟು ಗುರುತು ಬೇಕು ಎಂಬುದನ್ನು ಅರ್ಜಿದಾರರೇ ತಿಳಿಸಬೇಕು. ಮಂಜೂರಾದರೆ ನಮೂನೆ 17ರಲ್ಲಿ ಪ್ರಮಾಣಪತ್ರ ಬರುತ್ತದೆ, ಜೊತೆಗೆ ಕಚೇರಿಯ ಸಂಕೇತ, ಎರಡು ಅಕ್ಷರ ಮತ್ತು ಮೂರಂಕಿ ಮೀರದ ಸಂಖ್ಯೆ ಸೇರಿದ ವ್ಯಾಪಾರ ನೋಂದಣಿ ಗುರುತುಗಳು.

ಅರ್ಜಿ ಯಾವ ಕಚೇರಿಗೆ ಹೋಗಬೇಕೆಂಬುದೂ ಮುಖ್ಯ. ವ್ಯಾಪಾರದ ಜಾಗ ಯಾವ ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೇ ಹೋಗಬೇಕು. ಬೈಲಹೊಂಗಲದ ಸಾರಿಗೆ ಕಚೇರಿಯ ಸಂಕೇತ ಕೆಎ 24, ರಾಮದುರ್ಗಕ್ಕೆ ಕೆಎ 69. ಬೈಲಹೊಂಗಲದಲ್ಲಿ ಪ್ರಮಾಣಪತ್ರ ಪಡೆದವರು ರಾಮದುರ್ಗದಲ್ಲಿ ಇನ್ನೊಂದು ಷೋರೂಂ ತೆರೆದರೆ ಹಳೆಯ ಪ್ರಮಾಣಪತ್ರದ ನೆರಳಿನಲ್ಲೇ ಅದನ್ನೂ ನಡೆಸುತ್ತೇನೆ ಎನ್ನಲು ಬರುವುದಿಲ್ಲ. ಈ ನಿಯಮದ ಹಿಂದೆ ಸರಳವಾದ ಯೋಚನೆಯಿದೆ. ದಾಖಲೆ ಪುಸ್ತಕ ಎಲ್ಲಿದೆಯೋ ಅಲ್ಲಿಗೆ ಹೋಗಿ ನೋಡಬಲ್ಲ ಅಧಿಕಾರಿಯೇ ಅನುಮತಿ ಕೊಡಬೇಕು.

ಈಗ 2022ರ ಬದಲಾವಣೆಗೆ ಬರೋಣ. ಆ ವರ್ಷ ಸೆಪ್ಟೆಂಬರ್ 14ರಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ ಪ್ರಮಾಣಪತ್ರದ ಆಯುಷ್ಯ 12 ತಿಂಗಳು. ಪ್ರತಿ ವರ್ಷ ನವೀಕರಣ, ಬೈಕಿಗೆ ಒಂದು ಅರ್ಜಿ, ಕಾರಿಗೆ ಇನ್ನೊಂದು, ಟ್ರ್ಯಾಕ್ಟರಿಗೆ ಮತ್ತೊಂದು. ಪ್ರತಿ ಸಲ ಕಚೇರಿಯ ಮೆಟ್ಟಿಲು ಹತ್ತಬೇಕು, ಇಲ್ಲವೇ ಏಜೆಂಟನ ಕೈ ಹಿಡಿಯಬೇಕು. ಈಗ ಒಂದೇ ಅರ್ಜಿಯಲ್ಲಿ ಹಲವು ವರ್ಗದ ವಾಹನಗಳಿಗೆ ಕೇಳಬಹುದು, ಶುಲ್ಕ ಆನ್‌ಲೈನಿನಲ್ಲೇ ಕಟ್ಟಬಹುದು, ಗುರುತುಗಳು ಪೋರ್ಟಲಿನಲ್ಲೇ ಹುಟ್ಟುತ್ತವೆ. 30 ದಿನದೊಳಗೆ ಕಚೇರಿ ತೀರ್ಮಾನ ಹೇಳದಿದ್ದರೆ ಮಂಜೂರಾದಂತೆಯೇ. ಆಯುಷ್ಯ 5 ವರ್ಷಕ್ಕೆ ಏರಿತು. ಕಂಪನಿಯ ಡೀಲರ್‌ಷಿಪ್ಪಿನ ಅವಧಿ ಎಷ್ಟೋ ಪ್ರಮಾಣಪತ್ರದ ಅವಧಿಯೂ ಅಷ್ಟೇ ಎಂದು ಎರಡನ್ನೂ ಗಂಟುಹಾಕಲಾಯಿತು. ನಮ್ಮಂಥ ತಾಲ್ಲೂಕು ಕೇಂದ್ರಗಳಿಗೆ ಇದರಿಂದ ನಿಜವಾದ ಲಾಭವಿದೆ. ದೊಡ್ಡ ಊರಿನ ಡೀಲರಿಗೆ ಕಾಗದಪತ್ರಕ್ಕೆಂದೇ ಒಬ್ಬ ಗುಮಾಸ್ತನಿರುತ್ತಾನೆ. ಸವದತ್ತಿಯಲ್ಲಿ ಮೂರು ನಾಲ್ಕು ಜನರಿಂದ ನಡೆಯುವ ಟ್ರ್ಯಾಕ್ಟರ್ ಷೋರೂಮಿನಲ್ಲಿ ಮಾಲೀಕರೇ ಗುಮಾಸ್ತರು. ಅವರ ಒಂದು ದಿನ ಆರ್‌ಟಿಒ ಕಚೇರಿಯಲ್ಲಿ ಕಳೆದರೆ ಅಂಗಡಿಯ ಒಂದು ದಿನದ ವ್ಯಾಪಾರವೇ ಹೋಯಿತು. ಹಳೆಯ ಪದ್ಧತಿ ಮರಳಿ ಬರಲಿ ಎಂದು ಯಾರೂ ಬಯಸಬಾರದು.

ಆದರೂ ಒಂದು ವಿಷಯ ಗಮನಿಸಬೇಕು. ವರ್ಷಕ್ಕೊಮ್ಮೆಯ ನವೀಕರಣ ಎಷ್ಟೇ ಕಿರಿಕಿರಿಯದಾಗಿದ್ದರೂ ಅಧಿಕಾರಿಗೆ ‘ಕಳೆದ ವರ್ಷದ ರಿಜಿಸ್ಟರ್ ತೋರಿಸಿ’ ಎಂದು ಕೇಳುವ ಸಂದರ್ಭ ಒದಗಿಸುತ್ತಿತ್ತು. ಈಗ ಆ ಸಂದರ್ಭ 5 ವರ್ಷಕ್ಕೆ ಒಮ್ಮೆ. ಈ ಪದ್ಧತಿಯ ತವರಾದ ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯ್ದೆಯೇ ತಯಾರಕರಿಗೂ ವ್ಯಾಪಾರಿಗಳಿಗೂ ಸಾಮಾನ್ಯ ಗುರುತು ಕೊಡಲು ಅವಕಾಶ ಮಾಡಿತ್ತು. ಅಲ್ಲಿ ಇಂದಿಗೂ ವ್ಯಾಪಾರಿ ಫಲಕದ ಪರವಾನಗಿ ಆರರಿಂದ ಹನ್ನೆರಡು ತಿಂಗಳಿಗೆ ಮಾತ್ರ. ನಾವು 5 ವರ್ಷ ಕೊಟ್ಟಿದ್ದೇವೆ. ಅವರನ್ನು ನೋಡಿ ನಾವೂ ಅವಧಿ ಕಡಿತ ಮಾಡಬೇಕೆಂದಲ್ಲ. ಅವಧಿ ಹಿಗ್ಗಿದಾಗ ನಡುವಿನ ದಿನಗಳ ಮೇಲಿನ ನಿಗಾ ಬೇರೆ ಕಡೆಯಿಂದ ಬರಲೇಬೇಕು. ನಿಯಮಗಳಲ್ಲಿ ಅದಕ್ಕೆ ಜಾಗ ಇದ್ದೇ ಇದೆ.

ಟಿಸಿ ಗುರುತಿನಿಂದ ಏನು ಮಾಡಬಹುದು? ಕಟ್ಟುವಾಗ ಅಥವಾ ದುರಸ್ತಿಯಾದ ಮೇಲೆ ಗಾಡಿಯನ್ನು ಪರೀಕ್ಷಿಸಬಹುದು, ತೂಕಕ್ಕೆ ಒಯ್ಯಬಹುದು, ನೋಂದಣಿಗೆ ಒಯ್ಯಬಹುದು. ಬಾಡಿ ಕಟ್ಟಿಸಲು, ಬಣ್ಣ ಹಚ್ಚಿಸಲು ವರ್ಕ್‌ಷಾಪಿಗೆ ಹೋಗಬಹುದು. ಇನ್ನೊಬ್ಬ ಡೀಲರಿಗೆ ತಲುಪಿಸಬಹುದು, ರೈಲು ನಿಲ್ದಾಣದಿಂದ ತರಬಹುದು, ವಾಹನ ಪ್ರದರ್ಶನಕ್ಕೆ ಒಯ್ಯಬಹುದು, ಕೊಳ್ಳುವ ಮನಸ್ಸಿರುವವರಿಗೆ ಓಡಿಸಿ ತೋರಿಸಬಹುದು. ಕಂತು ಕಟ್ಟದ ಗಾಡಿಯನ್ನು ಸಾಲ ಕೊಟ್ಟವರು ವಶಕ್ಕೆ ಪಡೆದು ಸಾಗಿಸುವುದೂ 41ನೇ ನಿಯಮದ ಪಟ್ಟಿಯಲ್ಲಿತ್ತು. ಪಟ್ಟಿ ಓದಿದರೆ ಒಂದು ಎಳೆ ಸ್ಪಷ್ಟವಾಗಿ ಕಾಣುತ್ತದೆ: ಎಲ್ಲವೂ ವ್ಯಾಪಾರಿಯ ಕೆಲಸ, ಕೊಂಡವರ ಕೆಲಸ ಒಂದೂ ಇಲ್ಲ. ನಮ್ಮ ಕಪ್ಪು ಮಣ್ಣಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಕೊಳ್ಳುವ ಮುನ್ನ ರೈತರು ಡೆಮೊ ಕೇಳುತ್ತಾರೆ. ನೇಗಿಲು ಹೂಡಿ ನಾಲ್ಕು ಸಾಲು ಹೊಡೆಸಿ, ಎಂಜಿನ್ ಎಷ್ಟು ಭಾರ ತಡೆಯುತ್ತದೆ, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಆ ಹೊಲದವರೆಗೆ ಟಿಸಿ ಗುರುತಿನಲ್ಲಿ ಹೋಗಿ ಬರುವುದು ನೂರಕ್ಕೆ ನೂರು ನ್ಯಾಯ. ಅದೇ ಡೆಮೊ ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದರೆ ಅದು ಬಾಡಿಗೆ ದುಡಿಮೆ, ಪರೀಕ್ಷೆ ಅಲ್ಲ. ಕೊಂಡ ಮರುದಿನ ಮನೆಮಂದಿಯೆಲ್ಲ ಕೂತು ಎಲ್ಲಮ್ಮನ ಗುಡ್ಡಕ್ಕೋ ಗೊಡಚಿ ವೀರಭದ್ರನ ಗುಡಿಗೋ ಸೊಗಲದ ಸೋಮೇಶ್ವರನಿಗೋ ಪೂಜೆಗೆ ಹೋಗುವುದು ನಮ್ಮಲ್ಲಿ ತಲೆತಲಾಂತರದ ಭಕ್ತಿ. ಅದರ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಆ ಪ್ರಯಾಣ ಖಾಯಂ ನಂಬರಿನ ಮೇಲೆ ಆಗಬೇಕು, ಡೀಲರಿನ ಟಿಸಿ ಫಲಕದ ಮೇಲಲ್ಲ.

ಇಲ್ಲಿ ವ್ಯಾಪಾರಿಗಳು ಎತ್ತುವ ಒಂದು ವಾದವಿದೆ. 41ನೇ ನಿಯಮವೇ ‘ಖರೀದಿದಾರರ ಜಾಗಕ್ಕೆ ತಲುಪಿಸಲು’ ಗಾಡಿ ಒಯ್ಯಬಹುದು ಎನ್ನುತ್ತದೆ, ಹಾಗಿದ್ದಾಗ ಹಬ್ಬದ ದಿನ ಮುಹೂರ್ತಕ್ಕೆ ಸರಿಯಾಗಿ ಟಿಸಿ ಹಾಕಿ ಮನೆಗೆ ಕಳಿಸಿದರೆ ತಪ್ಪೇನು? ಅದರ ಮುಂದಿನ ನಿಯಮವನ್ನೂ ಓದಬೇಕು. ಖಾಯಂ ಅಥವಾ ತಾತ್ಕಾಲಿಕ ನೋಂದಣಿ ಇಲ್ಲದೆ ಯಾವ ವ್ಯಾಪಾರಿಯೂ ಕೊಂಡವರಿಗೆ ವಾಹನ ಒಪ್ಪಿಸಕೂಡದು ಎಂದು 42ನೇ ನಿಯಮ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇದನ್ನು ಇನ್ನೂ ಗಟ್ಟಿ ಮಾಡಿತು. ಹೊಸ ವಾಹನದ ನೋಂದಣಿಗೆ ಅರ್ಜಿ ಹಾಕುವ ಹೊಣೆ ಡೀಲರಿನದು, ನಂಬರು ವಾಹನದ ಮೇಲೆ ಬರುವ ತನಕ ಒಪ್ಪಿಸುವಂತಿಲ್ಲ. ಅರ್ಜಿ ಹಾಕದ ಡೀಲರಿಗೆ ವಾರ್ಷಿಕ ತೆರಿಗೆಯ 15 ಪಟ್ಟು ಅಥವಾ ಆ ವಾಹನದ ಆಜೀವ ತೆರಿಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ. ಇನ್ನೊಂದು ಮಾತು: ಅಧಿಕೃತ ಡೀಲರು ಮಾರಿದ ವಾಹನವನ್ನು ಮೊದಲ ನೋಂದಣಿಗಾಗಿ ಕಚೇರಿಯ ಅಂಗಳಕ್ಕೆ ತರುವ ಅಗತ್ಯವನ್ನೂ ಅದೇ ತಿದ್ದುಪಡಿ ತೆಗೆದುಹಾಕಿತು. 2019ರ ಏಪ್ರಿಲ್ ನಂತರದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಷೋರೂಮಿನಲ್ಲೇ ಕೂರುತ್ತದೆ. ಹಾಗಾಗಿ ರಸ್ತೆಯಲ್ಲಿ ತಡೆದಾಗ ಕೇಳಿಬರುವ ‘ಪಾಸಿಂಗಿಗೆ ಒಯ್ಯುತ್ತಿದ್ದೇವೆ’ ಎಂಬ ಉತ್ತರಕ್ಕೆ ಈಗ ಹೆಚ್ಚಿನ ಸಂದರ್ಭಗಳಲ್ಲಿ ಆಧಾರವೇ ಉಳಿದಿಲ್ಲ. ಮುಹೂರ್ತಕ್ಕೆ ಗಾಡಿ ಬೇಕೆಂದರೆ ನಾಲ್ಕು ದಿನ ಮೊದಲೇ ಹಣ ಕಟ್ಟಿ, ಕಾಗದ ಕೊಟ್ಟು, ನಂಬರು ಬರಿಸಿಕೊಳ್ಳುವುದು ಸಾಧ್ಯ. ಹಬ್ಬದ ತಾರೀಖು ಪಂಚಾಂಗದಲ್ಲಿ ವರ್ಷಕ್ಕೆ ಮೊದಲೇ ಗೊತ್ತಿರುತ್ತದೆ.

ಈಗ ಆ ದಾಖಲೆ ಪುಸ್ತಕದ ಮಾತು. 43ನೇ ನಿಯಮದಂತೆ ಪ್ರಮಾಣಪತ್ರ ಇರುವವರು ನಮೂನೆ 19ರಲ್ಲಿ ಒಂದು ರಿಜಿಸ್ಟರ್ ಇಡಬೇಕು. ಗಾಡಿ ಷೋರೂಮಿನ ಬಾಗಿಲು ದಾಟುವ ಮುನ್ನ ಅದರಲ್ಲಿ ಬರೆಯಬೇಕು: ಯಾವ ಗುರುತು, ಯಾವ ಗಾಡಿ, ಚಾಲಕ ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಹೊರಟಿತು. ಬರೆದ ಪುಟದ ನಕಲು ಚಾಲಕನ ಜೊತೆ ಹೋಗಬೇಕು, ದಾರಿಯಲ್ಲಿ ಕೇಳಿದವರಿಗೆ ತೋರಿಸಬೇಕು. ಮರಳಿದ ಮೇಲೆ ಮರಳಿದ ವೇಳೆ ಬೀಳಬೇಕು. ಒಂದು ಗುರುತನ್ನು ಒಂದೇ ಸಮಯಕ್ಕೆ ಎರಡು ವಾಹನಕ್ಕೆ ಹಾಕುವಂತಿಲ್ಲ, ಬೈಕಿಗೆ ಕೊಟ್ಟದ್ದನ್ನು ಕಾರಿಗೆ ಹಾಕುವಂತಿಲ್ಲ. ಪ್ರಮಾಣಪತ್ರವನ್ನು ಮಳೆ ಗಾಳಿ ತಾಗದ ದುಂಡನೆಯ ಕವಚದಲ್ಲಿಟ್ಟು ವಾಹನದಲ್ಲೇ ಒಯ್ಯಬೇಕೆಂದು 1989ರ ನಿಯಮ ವಿವರವಾಗಿ ಹೇಳಿತ್ತು. ವ್ಯಾಪಾರಿ ಅಥವಾ ಆತನ ನೌಕರ ಗಾಡಿಯಲ್ಲಿ ಇರಬೇಕು. ಒಬ್ಬರೇ ಕೂರುವಂತೆ ಮಾಡಿದ ವಾಹನವಾದರೆ ಮಾತ್ರ ಕೊಳ್ಳುವವರು ಒಬ್ಬರೇ ಓಡಿಸಿ ನೋಡಬಹುದು. ನಮ್ಮ ಟ್ರ್ಯಾಕ್ಟರ್ ಡೆಮೊಗಳ ವಿಷಯದಲ್ಲಿ ಈ ಸಣ್ಣ ಕಲಮಿಗೆ ಬಹಳ ಬೆಲೆಯಿದೆ, ಏಕೆಂದರೆ ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು. ಮಡ್‌ಗಾರ್ಡಿನ ಮೇಲೆ ಕೂತು ಜೊತೆಗೆ ಹೋಗುವ ಸೇಲ್ಸ್‌ಮನ್ ನಿಯಮ ಪಾಲಿಸಲು ಹೋಗಿ ಜೀವಕ್ಕೆ ಅಪಾಯ ತಂದುಕೊಳ್ಳಬೇಕಿಲ್ಲ.

ಇಷ್ಟೆಲ್ಲ ಬರೆದಿಡುವುದು ಯಾರಿಗಾಗಿ ಎಂದು ಕೇಳುವವರಿದ್ದಾರೆ. ಕೊಂಡವರಿಗಾಗಿ, ಮತ್ತು ರಸ್ತೆಯಲ್ಲಿ ಎದುರಿಗೆ ಬರುವವರಿಗಾಗಿ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ವಾಹನದ ತಾತ್ಕಾಲಿಕ ನೋಂದಣಿಯ ಅವಧಿ ಮುಗಿದು ಕೆಲವು ವಾರಗಳಾಗಿದ್ದವು, ಖಾಯಂ ನೋಂದಣಿ ಆಗಿರಲಿಲ್ಲ, ಅಷ್ಟರಲ್ಲಿ ಅಪಘಾತವಾಯಿತು. ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದು ಅಪರಾಧ ಮಾತ್ರವಲ್ಲ, ವಿಮೆಯ ಕರಾರಿನ ಮೂಲಭೂತ ಉಲ್ಲಂಘನೆ ಎಂದು ಕೋರ್ಟ್ ಹೇಳಿತು, ಹಾನಿಯ ಪರಿಹಾರ ಸಿಗಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ ಗಾಡಿ ಕಳುವಾಗಿತ್ತು. ಅಲ್ಲೂ ತಾತ್ಕಾಲಿಕ ನೋಂದಣಿ ಮುಗಿದಿತ್ತು, ಅಲ್ಲೂ ವಿಮೆ ಕಂಪನಿ ಕೊಡಬೇಕಿಲ್ಲ ಎಂದಾಯಿತು. ಎರಡೂ ಕಡೆ ವಿಮೆಯ ಕಂತು ಕಟ್ಟಿಯೇ ಇದ್ದರು. ಇದನ್ನು ನಮ್ಮ ಕಡೆಗೆ ಅನ್ವಯಿಸಿ ನೋಡಿ. ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರ್ ತಂದ ರೈತ, ಡೀಲರು ‘ಆರ್‌ಸಿ ಆಮೇಲೆ ಬರುತ್ತದೆ, ಸದ್ಯ ಟಿಸಿ ಮೇಲೆ ಓಡಿಸಿ’ ಎಂದು ಕೊಟ್ಟ ಗಾಡಿಯನ್ನು ನಂಬಿ ಓಡಿಸುತ್ತಾನೆ. ಆ ವಾರದಲ್ಲಿ ಏನಾದರೂ ಆದರೆ ವಿಮೆ ಕಂಪನಿ ಕೇಳುವ ಮೊದಲ ಪ್ರಶ್ನೆಗೆ ಅವನ ಬಳಿ ಉತ್ತರ ಇರುವುದಿಲ್ಲ. ಟಿಸಿ ಗುರುತು ಡೀಲರಿನ ಕೆಲಸಕ್ಕೆ ಕೊಟ್ಟದ್ದು, ರೈತನ ಕೆಲಸಕ್ಕಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಸಣ್ಣ ವ್ಯಾಪಾರಿಗಳ ಪರವಾಗಿ ಬರುವ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳಲ್ಲಿ ಬೈಕು ಮಾರುವ ಅಂಗಡಿಗಳಲ್ಲಿ ಸಬ್ ಡೀಲರುಗಳೂ ಇದ್ದಾರೆ. ಕಂಪನಿಯ ಕರಾರು ಇರುವುದು ದೊಡ್ಡ ಊರಿನ ಮುಖ್ಯ ಡೀಲರಿನೊಂದಿಗೆ. ನಮೂನೆ 16ಎ ಸಬ್ ಡೀಲರಿಗೆ ಸಿಗುವುದಿಲ್ಲ, ಅದಿಲ್ಲದೆ ಪ್ರಮಾಣಪತ್ರವೂ ಇಲ್ಲ. ಆಗ ಮುಖ್ಯ ಡೀಲರಿನ ಟಿಸಿ ಫಲಕವನ್ನೇ ತಂದು ಅಂಗಡಿಯಲ್ಲಿ ಇಟ್ಟುಕೊಳ್ಳುವ ರೂಢಿ ಬೆಳೆಯುತ್ತದೆ. 40ನೇ ನಿಯಮ ಇದನ್ನೇ ಬೇಡವೆನ್ನುತ್ತದೆ. ಯಾರಿಗೆ ಕೊಟ್ಟಿದೆಯೋ ಅವರು ಮತ್ತು ಅವರ ಪರವಾಗಿ ದುಡಿಯುವವರು ಮಾತ್ರ ಬಳಸಬೇಕು, ಬೇರೆಯವರಿಗೆ ಕೊಡಬಾರದು. ‘ನಾವು ಸಣ್ಣವರು, ನಮಗೇಕೆ ಇಷ್ಟು ಕಟ್ಟುಪಾಡು’ ಎಂಬ ಅಳಲಿನಲ್ಲಿ ನೋವಿದೆ. ಆದರೆ ಪ್ರಶ್ನೆ ಸಣ್ಣವರಿಗಷ್ಟೇ ಬಂದದ್ದಲ್ಲ. 2025ರಲ್ಲಿ ಮಹಾರಾಷ್ಟ್ರದ ಸಾರಿಗೆ ಇಲಾಖೆ ಬೆಂಗಳೂರು ಮೂಲದ ಓಲಾ ಎಲೆಕ್ಟ್ರಿಕ್ ಕಂಪನಿಯ, ಈ ಪ್ರಮಾಣಪತ್ರ ಇಲ್ಲದ ಷೋರೂಮುಗಳ ಮೇಲೆ ಕ್ರಮಕ್ಕೆ ಮುಂದಾಯಿತು. ನೋಂದಣಿಯಾಗದ ತನ್ನ ವಾಹನಗಳು ವಿತರಣಾ ಕೇಂದ್ರ ಮತ್ತು ಗೋದಾಮುಗಳಲ್ಲಿ ಕಾನೂನಿನಂತೆಯೇ ಇವೆ ಎಂಬುದು ಕಂಪನಿಯ ಸಮರ್ಥನೆಯಾಗಿತ್ತು. ವ್ಯಾಪಾರದ ಜಾಗ ಎಂದರೆ ಯಾವುದು, ಗಾಡಿ ನಿಲ್ಲುವ ಗೋದಾಮೋ ಗಿರಾಕಿ ನಿಲ್ಲುವ ಅಂಗಡಿಯೋ ಎಂಬುದೇ ಅಲ್ಲಿನ ತಿರುಳು. ನನ್ನ ಎಣಿಕೆಯಲ್ಲಿ ಗಾಡಿ ಎಲ್ಲಿಂದ ರಸ್ತೆಗೆ ಇಳಿಯುತ್ತದೋ ಅದೇ ವ್ಯಾಪಾರದ ಜಾಗ. ಸಬ್ ಡೀಲರನ್ನು ಬಳಸಿ ಲಾಭ ಪಡೆಯುವ ಕಂಪನಿ ಮತ್ತು ಮುಖ್ಯ ಡೀಲರು ಆ ಅಂಗಡಿಯನ್ನು ತಮ್ಮ ಅಧಿಕೃತ ಜಾಗವೆಂದು ಬರೆದುಕೊಟ್ಟು, ಅಲ್ಲಿನ ಕಚೇರಿಯಲ್ಲೇ ಪ್ರಮಾಣಪತ್ರ ಮಾಡಿಸಿ, ಅಲ್ಲೇ ರಿಜಿಸ್ಟರ್ ಇಡಬೇಕು. ಹೊಣೆ ಮೇಲಿನವರದು. ಸಬ್ ಡೀಲರನ್ನು ರಸ್ತೆಯಲ್ಲಿ ಹಿಡಿದು ದಂಡ ಹಾಕಿ ಮುಗಿಸುವುದು ಸುಲಭ, ನ್ಯಾಯವಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಟ್ರೇಲರಿನದು. ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಎಂಜಿನ್ ಇಲ್ಲದಿದ್ದರೂ. ಅದಕ್ಕೂ ನೋಂದಣಿ ಬೇಕು. ಟ್ರ್ಯಾಕ್ಟರ್ ಕಂಪನಿಯಿಂದ ಬರುತ್ತದೆ, ಟ್ರೇಲರನ್ನು ನಮ್ಮಲ್ಲಿ ಊರಿನ ವೆಲ್ಡಿಂಗ್ ವರ್ಕ್‌ಷಾಪಿನಲ್ಲೇ ಕಟ್ಟಿಸುವ ರೂಢಿಯಿದೆ. ಕಬ್ಬಿಣದ ಚಾನೆಲ್ ಕತ್ತರಿಸಿ, ಆಕ್ಸಲ್ ಕೂರಿಸಿ, ಹಲಗೆ ಬೆಸೆದು, ಬಣ್ಣ ಹೊಡೆದು ಕೊಡುವ ಕಸುಬುದಾರರು ಕೈಚಳಕದಲ್ಲಿ ಯಾರಿಗೂ ಕಡಿಮೆಯಲ್ಲ. ಕಾನೂನಿನ ಭಾಷೆಯಲ್ಲಿ ಅವರು ವಾಹನ ತಯಾರಕರು. ಕಟ್ಟಿದ ಟ್ರೇಲರನ್ನು ರಸ್ತೆಯ ಮೇಲೆ ಎಳೆದು ಪರೀಕ್ಷಿಸಬೇಕಾದರೂ ಅನುಮತಿ ಬೇಕು. ಆದರೆ ಮಾದರಿ ಅನುಮೋದನೆ, ಅಧಿಕೃತ ಪತ್ರ, ಪೋರ್ಟಲ್ ಅರ್ಜಿ ಎಂಬ ಇಡೀ ವ್ಯವಸ್ಥೆಯನ್ನು ರೂಪಿಸಿರುವುದು ದೊಡ್ಡ ಕಂಪನಿಗಳನ್ನು ಕಣ್ಮುಂದೆ ಇಟ್ಟುಕೊಂಡು. ಪರಿಣಾಮವನ್ನು ಕಬ್ಬಿನ ಹಂಗಾಮಿನಲ್ಲಿ ರಾತ್ರಿ ರಸ್ತೆಗೆ ಇಳಿದವರೆಲ್ಲ ಬಲ್ಲರು: ನಂಬರಿಲ್ಲದ, ಹಿಂದೆ ಕೆಂಪು ದೀಪವಿಲ್ಲದ, ರಿಫ್ಲೆಕ್ಟರ್ ಸ್ಟಿಕ್ಕರೂ ಇಲ್ಲದ ಜೋಡಿ ಟ್ರೇಲರುಗಳು. ಬೈಕಿನಲ್ಲಿ ಬರುವವರಿಗೆ ಕಬ್ಬಿನ ಹೊರೆ ಕಾಣುವುದು ಹತ್ತಿರ ಬಂದ ಮೇಲೆ. ಈ ಕಸುಬುದಾರರನ್ನು ಹೊರಗಿಟ್ಟು ದಂಡ ಹಾಕುವುದರಿಂದ ಟ್ರೇಲರ್ ಕಡಿಮೆಯಾಗುವುದಿಲ್ಲ. ಅನುಮೋದಿತ ಒಂದೆರಡು ಮಾದರಿಗಳ ನಕ್ಷೆಯನ್ನು ಸರ್ಕಾರವೇ ಒದಗಿಸಿ, ಅದರಂತೆ ಕಟ್ಟುವವರ ಗುಂಪಿಗೆ ಒಟ್ಟಾಗಿ ಅರ್ಹತೆ ಸಿಗುವ ದಾರಿ ತೆರೆದರೆ ದೀಪ, ಬ್ರೇಕು, ನಂಬರು ಮೂರೂ ಒಟ್ಟಿಗೆ ಬರುತ್ತವೆ. ಇದು ನನ್ನ ಸಲಹೆ, ಈಗಿರುವ ನಿಯಮವಲ್ಲ. ಆದರೆ ಇಂಥದ್ದೊಂದು ಇಲ್ಲದ ತನಕ ಕಾನೂನು ಕಾಗದದಲ್ಲಿ ಇರುತ್ತದೆ, ಟ್ರೇಲರ್ ಕತ್ತಲಲ್ಲಿ ಓಡುತ್ತದೆ.

ಹಳೆಯ ಗಾಡಿಗಳ ವ್ಯಾಪಾರದಲ್ಲಿ ಏನಾಯಿತು ನೋಡಿದರೆ ಹೊಸ ಗಾಡಿಗಳಿಗೆ ಏನು ಬೇಕೆಂಬುದು ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗೆ ನಂಬರು ಇದ್ದೇ ಇರುವುದರಿಂದ ಟಿಸಿ ಬೇಡ. ಅಲ್ಲಿನ ತೊಂದರೆ ಬೇರೆ. ಮಾರಿದವರ ಹೆಸರು ಆರ್‌ಸಿಯಲ್ಲೇ ಉಳಿದು, ಗಾಡಿ ಮೂರು ನಾಲ್ಕು ಕೈ ದಾಟಿರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2022ರ ಡಿಸೆಂಬರಿನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಇದಕ್ಕೆ ಮದ್ದು ಹುಡುಕಿದವು. ಹಳೆಯ ಗಾಡಿಗಳ ವ್ಯಾಪಾರಿ ಅಧಿಕಾರ ಪತ್ರ ಪಡೆಯಬೇಕು, ಗಾಡಿ ಅವರ ಕೈ ಸೇರಿದ್ದನ್ನು ಪೋರ್ಟಲಿನಲ್ಲಿ ತಿಳಿಸಬೇಕು, ಅಲ್ಲಿಂದ ಮುಂದೆ ಅವರೇ ಮಾಲೀಕರೆಂದು ಎಣಿಕೆ. ಜೊತೆಗೆ ವಿದ್ಯುನ್ಮಾನ ಪ್ರಯಾಣ ದಾಖಲೆ ಕಡ್ಡಾಯ: ಏಕೆ ಹೊರಟಿತು, ಯಾರು ಓಡಿಸಿದರು, ಎಷ್ಟು ಹೊತ್ತು, ಎಷ್ಟು ಕಿಲೊಮೀಟರ್. ನಂಬರು ಇರುವ ಗಾಡಿಯ ಪ್ರಯಾಣಕ್ಕೇ ಇಷ್ಟು ಲೆಕ್ಕ ಬೇಕೆಂದು ಸರ್ಕಾರ ಕಂಡುಕೊಂಡಿದೆ. ನಂಬರೇ ಇಲ್ಲದ ಗಾಡಿಯ ಲೆಕ್ಕ ಅದಕ್ಕಿಂತ ಪಾರದರ್ಶಕವಾಗಿರಬೇಕು. ಟಿಸಿ ಗುರುತು ಹುಟ್ಟುವುದೇ ಪೋರ್ಟಲಿನಲ್ಲಿ. ಅದೇ ಗುರುತನ್ನು ರಸ್ತೆಯಲ್ಲಿ ನಿಂತ ಪೊಲೀಸರೋ ಸಾರಿಗೆ ನಿರೀಕ್ಷಕರೋ ಮೊಬೈಲಿನಲ್ಲಿ ಒತ್ತಿದರೆ, ಈ ಹೊತ್ತಿನಲ್ಲಿ ಅದು ಯಾವ ಚಾಸಿ ನಂಬರಿನ ಗಾಡಿಯ ಮೇಲೆ, ಯಾವ ಕೆಲಸಕ್ಕೆ ಹೊರಟಿದೆ ಎಂಬುದು ಕಾಣಬೇಕು. ನಮೂದಿಲ್ಲ ಎಂದರೆ ಫಲಕಕ್ಕೆ ಬೆಲೆಯಿಲ್ಲ.

ಹೀಗೆ ಮಾಡಿದರೆ ಇನ್ಸ್‌ಪೆಕ್ಟರುಗಳ ಕಾಟ ಹೆಚ್ಚಾಗುತ್ತದೆ, ಸರಳೀಕರಣ ಮಾಡಿ ಹಿಂಬಾಗಿಲಿನಿಂದ ಕಿರುಕುಳ ತಂದಂತಾಗುತ್ತದೆ ಎಂಬ ಭಯ ವ್ಯಾಪಾರಿಗಳಲ್ಲಿ ಸಹಜ. ನನಗೆ ಕಾಣುವುದು ಇದಕ್ಕೆ ತಿರುಗಾಮುರುಗ. ದಾಖಲೆ ಕಪಾಟಿನಲ್ಲಿದ್ದಾಗ ರಸ್ತೆಯಲ್ಲಿ ತಡೆದವರ ಮಾತೇ ಕೊನೆಯ ಮಾತು. ಬರೆದಿದ್ದೇನೆ ಎಂದು ಚಾಲಕ ಎಷ್ಟು ಹೇಳಿದರೂ ಅಲ್ಲಿ ಸಾಬೀತು ಮಾಡಲಾಗದು, ಕೈ ಬಿಸಿ ಮಾಡಿ ಮುಂದೆ ಹೋಗುವ ಪರಿಸ್ಥಿತಿ ಬರುತ್ತದೆ. ದಾಖಲೆ ಇಬ್ಬರ ಕಣ್ಣಿಗೂ ಒಂದೇ ಸಲ ಕಾಣುವಂತಿದ್ದರೆ ನೆಟ್ಟಗೆ ನಡೆದುಕೊಂಡವರಿಗೆ ಮಾತೇ ಬೇಕಿಲ್ಲ. ನಿಯಮಗಳೂ ವ್ಯಾಪಾರಿಯನ್ನು ಅಧಿಕಾರಿಯ ಮರ್ಜಿಗೆ ಬಿಟ್ಟಿಲ್ಲ. ಅರ್ಜಿ ತಿರಸ್ಕರಿಸುವ ಮುನ್ನ ಅಹವಾಲು ಕೇಳಬೇಕು, ಕಾರಣ ಬರೆದುಕೊಡಬೇಕು. ಪ್ರಮಾಣಪತ್ರ ಅಮಾನತು ಅಥವಾ ರದ್ದು ಮಾಡುವಾಗಲೂ ವಿಚಾರಣೆ ಬೇಕು. ಆದೇಶ ಕೈಸೇರಿದ 30 ದಿನದೊಳಗೆ ರಾಜ್ಯದ ಮೋಟಾರು ವಾಹನ ಇಲಾಖೆಯ ಮುಖ್ಯಸ್ಥರಿಗೆ ಮೇಲ್ಮನವಿ ಸಲ್ಲಿಸಬಹುದು. ಅಮಾನತಿನ ಕಾರಣಗಳು ಸುತ್ತುವುದು 39ರಿಂದ 43ರ ನಿಯಮಗಳ ಸುತ್ತ, ಅಂದರೆ ಗುರುತಿನ ದುರ್ಬಳಕೆ ಮತ್ತು ರಿಜಿಸ್ಟರ್ ಇಡದಿರುವುದರ ಸುತ್ತ. ಒಳ್ಳೆಯ ರಿಜಿಸ್ಟರ್ ಇಟ್ಟ ವ್ಯಾಪಾರಿಗೆ ಅದೇ ಮೇಲ್ಮನವಿಯ ಮೊದಲ ಸಾಕ್ಷಿ.

ಪೋರ್ಟಲ್ ಬದಲಾಗುವುದು ದಿಲ್ಲಿಯ ಕೆಲಸ, ಅದಕ್ಕೆ ಕಾಯುತ್ತ ಕೂರಬೇಕಿಲ್ಲ. ರಿಜಿಸ್ಟರ್ ತಪಾಸಣೆ ಮಾಡುವ ಅಧಿಕಾರ ಬೈಲಹೊಂಗಲ, ರಾಮದುರ್ಗದ ಕಚೇರಿಗಳಿಗೆ ಇವತ್ತೇ ಇದೆ. ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮುನ್ನ ಒಮ್ಮೆ, ಯುಗಾದಿಯ ಮುನ್ನ ಒಮ್ಮೆ, ಮೊದಲೇ ತಾರೀಖು ತಿಳಿಸಿ ಷೋರೂಮುಗಳಿಗೆ ಹೋಗಿ ನಮೂನೆ 19ರ ಪುಟಗಳನ್ನೂ ಮಾರಾಟದ ಬಿಲ್ಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಬಿಲ್ಲಿನ ತಾರೀಖಿಗೂ ಖಾಯಂ ನಂಬರಿನ ತಾರೀಖಿಗೂ ನಡುವೆ ಗಾಡಿ ಎಲ್ಲಿತ್ತು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ಇರಬೇಕು. ಕೊಳ್ಳುವವರೂ ಕೀಲಿ ಕೈಗೆ ತೆಗೆದುಕೊಳ್ಳುವ ಮುನ್ನ ನೋಂದಣಿಯ ಪ್ರತಿ ಕೇಳಲಿ. ಇಲ್ಲವೆಂದರೆ ಗಾಡಿಯನ್ನು ಷೋರೂಮಿನಲ್ಲೇ ಬಿಟ್ಟು ಬರಲಿ. ನಂಬರು ಬರುವ ತನಕ ಗಾಡಿಯ ಹೊಣೆ, ಅದರ ವಿಮೆಯ ಹೊಣೆ ಎರಡೂ ಡೀಲರಿನದೇ ಆಗಿರುತ್ತದೆ.